ಗಾಢ ನಿದ್ದೆಗೆ ಕುರಿಯ ಗಂಟೆ

ಗಾಢ ನಿದ್ದೆಯಲ್ಲಿದ್ದವರ ಕಿವಿಗೆ ಮೆಲ್ಲಗೆ ಸದ್ದು ಕೊಟ್ಟು ಮಿದುಳಿನ ಅಲೆಗಳನ್ನು ಹಿಗ್ಗಿಸುವ ಹಣೆಪಟ್ಟಿಯೊಂದರ ಪರೀಕ್ಷೆಗೆ ಬಿಳೂರಿಗೆ ಹೋಗಿದ್ದೆ. ದಿನಾ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಮಲಗುವ ಕುರಿಗಾರ ಮಾಳಪ್ಪ ಒಪ್ಪಿಕೊಂಡ. ಮಿದುಳಿನ ಅಲೆಗಳ ಗ್ರಾಫನ್ನೂ ಬರೆಯುವ ಆ ಪಟ್ಟಿಯನ್ನು ಹಣೆಗೆ ಕಟ್ಟಿ, ಕಿವಿಗೆ ಬಿರಡೆಯಂಥ ಪುಟ್ಟ ಸ್ಪೀಕರ್ ತುರುಕಿದೆ. ಕಣ್ಣು ಮುಚ್ಚಿದವನು ಎರಡೇ ನಿಮಿಷಕ್ಕೆ ದಡಕ್ಕನೆ ಎದ್ದು ಕುರಿಗಳ ಕಡೆ ನೋಡಿದ. ಮೂರು ಸಲವೂ ಇದೇ ಕಥೆ. ಅವನಿಗೆ ಗಾಢ ನಿದ್ದೆಯೇ ಬಾರದೆ ಮಶೀನು ಸುಮ್ಮನೆ ಕೂತಿತ್ತು.

“ಯಾಕ, ನಿದ್ದಿ ಬರವಲ್ದೇನು?” ಎಂದು ಕೇಳಿದೆ.

“ಕುರಿ ಕೊಳ್ಳಾಗಿನ ಗಂಟಿ ಕೇಳಿದ್ರ ನನಗ ನಿದ್ದಿ ಹತ್ತತೈತ್ರಿ. ಗಂಟಿ ನಿಂತ್ರ ಕುರಿ ದೂರ ಹ್ವಾದ್ವು ಅಂತ ಎಚ್ಚರ ಆಗತೈತಿ. ನಿಮ್ಮ ಬಿರಡಿ ಗಂಟೀನ ಕೇಳಗೊಡವಲ್ದು.”

ನಾನು ಒಪ್ಪಲಿಲ್ಲ.

“ಹಂಗಾರ ಬಿರಡಿ ಬಿಟ್ಟು, ಪಟ್ಟಿ ಒಂದ ಕಟ್ಕೊಂಡು ನೀವ ಮಲಗಿ ನೋಡ್ರಿ,” ಎಂದ.

ಅವನ ಮಾತು ಸುಳ್ಳೆಂದು ತೋರಿಸೋಣವೆಂದು ಮಲಗಿದೆ. ಕಣ್ಣು ಬಿಟ್ಟಾಗ ಹೊತ್ತು ಇಳಿದಿತ್ತು.

“ಭಾಳ ಚಲೋ ಗೊರಕಿ ಹೊಡದ್ರಿ,” ಎಂದ ಮಾಳಪ್ಪ. “ಗಂಟಿ ನಿಂತ್ರ ನಿಮಗ ಎಚ್ಚರಾದೀತಂತ ಕುರೀನ ದೂರ ಹೋಗಗೊಡದ ಇಲ್ಲೇ ತರುಬೀನಿ.”

ಬಿಳೂರಿನಿಂದ ನಾನು ಆಫೀಸಿಗೆ ಒಯ್ದ ಒಂದೇ ಒಂದು ಚೆಂದದ ಗ್ರಾಫು ನನ್ನದೇ. ವರದಿಯ ‘ಸದ್ದಿನ ಮೂಲ’ ಎಂಬ ಕಾಲಮ್ಮಿನಲ್ಲಿ ‘ಕುರಿ’ ಎಂದು ಬರೆಯುವ ಧೈರ್ಯ ಮಾತ್ರ ಆಗಲಿಲ್ಲ.