ಗಾಜಿನ ಬಚ್ಚಲು ಮತ್ತು ಬೀಗರ ಮರ್ಯಾದೆ

ನನ್ನ ಹತ್ತಿರ ಅಭಿಪ್ರಾಯಗಳಿಗೆ ಎಂದೂ ಕೊರತೆ ಬಿದ್ದಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಮದುವೆಯ ಸೀಸನ್ನು ಬಿಟ್ಟರೆ ಉಳಿದ ದಿನ ಅಲ್ಲಿಂದ ಪಾತ್ರೆಗಿಂತ ಅಭಿಪ್ರಾಯವೇ ಹೆಚ್ಚು ಹೊರಗೆ ಹೋಗುತ್ತದೆ. ಬಸ್ ಸ್ಟ್ಯಾಂಡಿನ ಬಾಗಿಲು ಯಾವ ಕಡೆ ಇರಬೇಕಿತ್ತು, ರೈಲು ಎಷ್ಟು ಹೊತ್ತಿಗೆ ಬಂದರೆ ಊರಿಗೆ ಒಳ್ಳೆಯದು, ಎದುರುಮನೆಯವರು ಮೆಟ್ಟಿಲನ್ನು ಎಲ್ಲಿಂದ ಏರಿಸಬೇಕಿತ್ತು, ಎಲ್ಲವನ್ನೂ ಯಾರೂ ಕೇಳದಿದ್ದರೂ ಹೇಳುತ್ತೇನೆ. ಅಂಥ ನನ್ನನ್ನು ಈಚೆಗೆ ಎಸಿ ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, "ಸರ್, ನಿಮ್ಮ ಅಭಿಪ್ರಾಯ ನಮಗೆ ತುಂಬಾ ಮುಖ್ಯ" ಎಂದು ಕೇಳಿದರು. ನಾನು ಹಸಿ ಸುಳ್ಳು ಹೇಳಿದೆ. ಅದರ ನಾಚಿಕೆ ಇನ್ನೂ ಆರಿಲ್ಲ. ನಿಮ್ಮ ಹತ್ತಿರ ಹೇಳಿಕೊಂಡರೆ ಸ್ವಲ್ಪ ಕಡಿಮೆಯಾದೀತೇನೋ ನೋಡೋಣ.

ನಡೆದದ್ದು ಇಷ್ಟು. ನಮ್ಮೂರಿಂದಾಚೆ ತುಂಗಭದ್ರೆಯ ಹಿನ್ನೀರಿನ ದಂಡೆಗೆ ಹೊಸ ರೆಸಾರ್ಟೊಂದು ಎದ್ದಿದೆ. ಅಲ್ಲಿಯ ಕೋಣೆಯನ್ನು ಬಾಡಿಗೆಗೆ ಕೊಡುವುದಿಲ್ಲ, ಮಾರುತ್ತಾರೆ. ಮಾರುವುದೂ ಪೂರ್ತಿಯಾಗಿ ಅಲ್ಲ, ವರ್ಷಕ್ಕೆ ಒಂದು ವಾರದ ಮಟ್ಟಿಗೆ. ಒಮ್ಮೆ ದುಡ್ಡು ಕಟ್ಟಿದರೆ ಪ್ರತಿವರ್ಷ ಆ ಒಂದು ವಾರ ಆ ಕೋಣೆ ನಿಮ್ಮದು, ಉಳಿದ ವಾರಗಳಲ್ಲಿ ಇನ್ನಾರದೋ. ಪೆಟ್ರೋಲ್ ಬಂಕಿನಲ್ಲಿ ಒಂದು ಚೀಟಿ ಬರೆದು ಡಬ್ಬಿಗೆ ಹಾಕಿದ್ದಕ್ಕೆ ನನಗೆ ಫೋನು ಬಂತು. ಎರಡು ದಿನ ಪುಕ್ಕಟೆ ಇರಬಹುದು, ಜೊತೆಗೆ ಇನ್ನೊಂದು ಕುಟುಂಬವನ್ನೂ ಕರೆತರಬಹುದು. ಬದಲಿಗೆ ಕೋಣೆಯ ವಿನ್ಯಾಸ ಹೇಗಿದೆ, ಬೆಲೆ ಸರಿಯಿದೆಯೇ ಎಂದು ಮನಸ್ಸು ಬಿಚ್ಚಿ ಹೇಳಬೇಕು. ಅಷ್ಟೇ.

ನನ್ನ ಹೆಂಡತಿ ನಾಗರತ್ನ ತನ್ನ ತಂಗಿಯನ್ನು ಕರೆಯೋಣ ಎಂದಳು. ನಾನು ಬೀಗರನ್ನು ಕರೆದೆ. ಇಡೀ ಅನಾಹುತದ ಮೂಲ ಇದು.

ನಮ್ಮ ಮಗಳು ವೀಣಾಳನ್ನು ಕೂಡ್ಲಿಗಿಗೆ ಕೊಟ್ಟಿದ್ದೇವೆ. ಬೀಗರು ಕೊಟ್ರಪ್ಪನವರದು ಶೇಂಗಾ ವ್ಯಾಪಾರ. ಹೆಗಲ ಮೇಲೆ ಸದಾ ಒಂದು ಬಿಳಿ ಟವೆಲ್ಲು, ಬಾಯಲ್ಲಿ ಸದಾ "ಸಾಕ್ರಿ". ಒಳ್ಳೆಯವರು. ಆದರೆ ಬೀಗರು ಎಷ್ಟು ಒಳ್ಳೆಯವರಾದರೂ ಬೀಗರೇ. ಸ್ನೇಹಿತನ ಮುಂದೆ ಕಷ್ಟ ಹೇಳಿಕೊಳ್ಳಬಹುದು, ಬ್ಯಾಂಕಿನವನ ಮುಂದೆ ಹೇಳಿಕೊಳ್ಳಲೇಬೇಕು, ಬೀಗರ ಮುಂದೆ ಮಾತ್ರ ಬಾಯಿ ಬಿಡುವಂತಿಲ್ಲ. ಅವರು ನಮ್ಮ ಮನೆಗೆ ಬಂದರೆ ಎರಡನೆಯ ರೊಟ್ಟಿಗೇ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ನಾವು ಅವರ ಮನೆಗೆ ಹೋದರೆ ನಾನೂ ಹಾಗೆಯೇ ಹಿಡಿಯುತ್ತೇನೆ. ಬರುವಾಗ ದಾರಿಯ ಹೋಟೆಲಿನಲ್ಲಿ ದೋಸೆ ತಿನ್ನುತ್ತೇನೆ. ಅವರೂ ತಿನ್ನುತ್ತಾರೆಂದು ನನಗೆ ಗುಮಾನಿ.

ರೆಸಾರ್ಟಿನವರು ನಮಗೆ ತೋರಿಸಿದ್ದು ಎರಡು ಮಲಗುವ ಕೋಣೆಗಳ ಒಂದು ಮನೆ. ನೋಡಲು ಬಹಳ ಚಂದ. ಮಂಚ ಇರುವ ಜಾಗವನ್ನು ಬೇಕೆಂದೇ ತಗ್ಗಿಸಿ ಕಟ್ಟಿದ್ದರು. ಮಲಗಬೇಕೆಂದರೆ ನಾಲ್ಕಾರು ಮೆಟ್ಟಿಲು ಇಳಿಯಬೇಕು, ಎದ್ದರೆ ಹತ್ತಬೇಕು, ಹಿಡಿಯಲು ಕಂಬಿ ಇಲ್ಲ. ನಾಗರತ್ನಳ ಮೊಣಕಾಲು ಸವೆದು ಹೋಗಿ ಎರಡು ವರ್ಷವಾಯಿತು. ಅವಳು ಒಂದು ಕೈ ಗೋಡೆಗೆ, ಇನ್ನೊಂದು ಕೈ ಸೀರೆಯ ನಿರಿಗೆಗೆ ಕೊಟ್ಟು, ಮುಖದಲ್ಲಿ ಏನೂ ತೋರಿಸದೆ ಇಳಿದಳು. ಮೂಲೆಯಲ್ಲಿ ಗಾಜಿನ ಲೋಟಗಳನ್ನು ತಲೆಕೆಳಗಾಗಿ ತೂಗುಹಾಕಿದ ಒಂದು ಕಪ್ಪು ಕಟ್ಟೆಯಿತ್ತು. ಅದು ಏತಕ್ಕೆಂದು ತಿಳಿಯದ ಬೀಗಿತ್ತಿ ಗಿರಿಜಮ್ಮ ತಮ್ಮ ವಿಭೂತಿಯ ಕರಡಿಗೆಯನ್ನು ಅಲ್ಲಿಯೇ ಇಟ್ಟರು. ಮರುದಿನ ಬೆಳಿಗ್ಗೆ ಕೊಟ್ರಪ್ಪನವರು ಮದ್ಯದ ಆ ಕಟ್ಟೆಯ ಮುಂದೆಯೇ ಕೂತು ಲಿಂಗಪೂಜೆ ಮಾಡಿಕೊಂಡರು. ನನಗೆ ಗೊತ್ತಿತ್ತು, ಹೇಳಲಿಲ್ಲ.

ಎರಡೂ ಕೋಣೆಗಳ ನಡುವೆ ಬಚ್ಚಲು. ಅದರ ಗೋಡೆಗಳು ಗಾಜಿನವು. ಮಂಜುಗಾಜಲ್ಲ, ಅಂಗಡಿಯ ಶೋಕೇಸಿಗೆ ಹಾಕುತ್ತಾರಲ್ಲ, ಅಂಥ ತಿಳಿಗಾಜು. ಈ ಕಡೆಯಿಂದ ನೋಡಿದರೆ ಷವರು ಕಾಣುತ್ತದೆ, ಷವರಿನ ಆಚೆಗೆ ಬೀಗರ ಮಂಚ ಕಾಣುತ್ತದೆ. ನಾವು ನಾಲ್ವರೂ ಅದರ ಎದುರು ನಿಂತೆವು. ಕಡೆಗೆ ಕೊಟ್ರಪ್ಪನವರು ಕೆಮ್ಮಿ, "ಬೆಳಕು ಚಲೋ ಬರತೈತಿ" ಎಂದರು. ನಾನು "ಹೌದ್ರಿ, ಗಾಳಿ ಬೆಳಕಿಗೆ ಬಾಳ ಅನುಕೂಲ" ಎಂದೆ. ಗಾಜಿನಲ್ಲಿ ಗಾಳಿ ಹೇಗೆ ಬರುತ್ತದೆಂದು ಯಾರೂ ಕೇಳಲಿಲ್ಲ.

ಊಟವಾದ ಮೇಲೆ ಅಭಿಪ್ರಾಯದ ಸಭೆ. ದಾವಣಗೆರೆ ಕಡೆಯ ಒಬ್ಬ ಮೇಡಂ ಲ್ಯಾಪ್‌ಟಾಪು ತೆರೆದು, ಒಂದೇ ಕೋಣೆಯನ್ನು ಹಲವರು ವಾರವಾರ ಹಂಚಿಕೊಳ್ಳುವುದು ಎಂಥ ಹೊಸ ವಿಚಾರ ಎಂದು ವಿವರಿಸತೊಡಗಿದರು. ಇಲ್ಲಿ ನನ್ನ ಪಾಂಡಿತ್ಯ ಕೆರಳಿತು. ಇದೇನು ಹೊಸದು? ಮಾಗಳದ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ಅಜ್ಜನೂ ಅವನ ಅಣ್ಣತಮ್ಮಂದಿರೂ ಬೇರೆಯಾದಾಗ ಹೊಲ ಹಂಚಿಕೊಂಡರು, ಎತ್ತು ಹಂಚಿಕೊಂಡರು, ಬಾವಿಯನ್ನು ಹರಿದು ಹಂಚಲಾಗದೆ ದಿನಗಳನ್ನು ಹಂಚಿಕೊಂಡರು. ನಮ್ಮ ಪಾಳಿಯ ದಿನ ಬಾವಿ ನಮ್ಮದು, ಮರುದಿನ ಅದೇ ಬಾವಿಯಿಂದ ಒಂದು ಕೊಡ ನೀರು ಬೇಕೆಂದರೂ ಕೇಳಿ ತರಬೇಕು. ನಾನು ಇದನ್ನೆಲ್ಲ ವಿಸ್ತಾರವಾಗಿ ಹೇಳಿದೆ. ಮೇಡಂ "ಎಷ್ಟು ಚೆನ್ನಾಗಿ ಹೇಳಿದ್ರಿ ಸರ್" ಎಂದರು. ಬೀಗರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ನಾನು ಉಬ್ಬಿದೆ. ಉಬ್ಬಿದವನನ್ನು ಮಾರುವವರು ಬಿಡುತ್ತಾರೆಯೇ? ಅದೇ ಹೊತ್ತಿಗೆ ಬೆಲೆ ಪರದೆಯ ಮೇಲೆ ಮೂಡಿತು.

ಎಷ್ಟೆಂದು ಇಲ್ಲಿ ಹೇಳುವುದಿಲ್ಲ. ನೀವು ಇನ್ನೂ ನನ್ನ ಮೇಲೆ ಸ್ವಲ್ಪ ಗೌರವ ಇಟ್ಟುಕೊಂಡಿರಬಹುದು. ಆ ಬೆಲೆ ನೋಡಿ ನನಗೆ ಹಳೆಯ ಕಾಲ ನೆನಪಾಯಿತು. ನಮ್ಮ ದನದ ಸಂತೆಗಳಲ್ಲಿ ಎಂಥ ಮರ್ಯಾದಸ್ಥ ಪದ್ಧತಿಯಿತ್ತು ನೋಡಿ. ಕೊಳ್ಳುವವನ ಕೈ, ಮಾರುವವನ ಕೈ, ಮೇಲೊಂದು ಟವೆಲ್ಲು. ಒಳಗೆ ಬೆರಳು ಹಿಡಿದೇ ಬೆಲೆ ಮಾತಾಡುತ್ತಿದ್ದರು. ಯಾರು ಎಷ್ಟಕ್ಕೆ ಕೇಳಿದರು, ಯಾರ ಕೈಯಲ್ಲಿ ಆಗಲಿಲ್ಲ ಎಂಬುದು ಎದುರಿಗೆ ನಿಂತವರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ಗೋಡೆಯಗಲದ ಪರದೆಯ ಮೇಲೆ ಬೆಲೆ, ಪಕ್ಕದಲ್ಲಿ ಬೀಗರು.

"ಬೆಲೆಯ ಬಗ್ಗೆ ಏನನ್ಸುತ್ತೆ ಸರ್?" ಎಂದರು ಮೇಡಂ.

ನಾನು ಬೀಗರನ್ನು ನೋಡಿದೆ. ಅವರು ಜಾಸ್ತಿ ಆಯಿತೆಂದರೆ ನಾನೂ ಹೂಂ ಎನ್ನುವವನಿದ್ದೆ. ಅವರು ನನ್ನನ್ನೇ ನೋಡುತ್ತಿದ್ದರು.

"ಏನ್ ಬಾಳಿಲ್ಲ ಬಿಡ್ರಿ," ಎಂದೆ.

"ಈ ಸವಲತ್ತಿಗೆ ಕಡಿಮಿನ ಅನ್ನಬೇಕ್ರಿ," ಎಂದರು ಕೊಟ್ರಪ್ಪನವರು.

"ಕೋಣಿ ಡಿಸೈನ್ ಅಂತೂ ಒಂದ್ ಹೆಸರಿಡಂಗಿಲ್ಲ," ಎಂದೆ.

"ಮೆಟ್ಲ ಅದಾವಲ್ರಿ, ಅವು ಬಾಳ ಲಕ್ಷಣ," ಎಂದರು ಅವರು.

ಹೀಗೆ ಒಬ್ಬರನ್ನೊಬ್ಬರು ಹತ್ತಿಸುತ್ತ ಹತ್ತಿಸುತ್ತ ಇಳಿಯುವ ದಾರಿಯೇ ಇಲ್ಲದ ಕಡೆ ಬಂದು ನಿಂತೆವು. ಮೇಡಂ ಎರಡು ಪೆನ್ನು ತಂದಿಟ್ಟರು. ನಾನು ಮುಂಗಡದ ಚೆಕ್ಕು ಬರೆದೆ, ಬೀಗರೂ ಬರೆದರು. ಬೇಡವೆನಿಸಿದರೆ ಒಂದು ವಾರದೊಳಗೆ ಬಂದು ಹಿಂದಕ್ಕೆ ಪಡೆಯಬಹುದು ಎಂದು ಮೇಡಂ ಹೇಳಿದಾಗ ನಾವಿಬ್ಬರೂ ಅಂಥ ಮಾತು ಕೇಳಿಯೇ ಇಲ್ಲವೆಂಬಂತೆ ನಕ್ಕೆವು. ನಾನು ಚೆಕ್ಕು ಬರೆದ ದುಡ್ಡು ನಾಗರತ್ನಳ ಮೊಣಕಾಲಿನ ಆಪರೇಷನ್ನಿಗೆ ಎತ್ತಿಟ್ಟದ್ದು. ಅವಳು ಪಕ್ಕದಲ್ಲೇ ಕೂತಿದ್ದಳು. ನನ್ನ ಕೈಯನ್ನೇ ನೋಡಿದಳು, ಆಮೇಲೆ ಕಿಟಕಿಯಾಚೆಯ ನೀರನ್ನು ನೋಡಿದಳು. ಬೀಗರ ಮುಂದೆ ಅವಳೂ ಏನನ್ನುವಂತಿರಲಿಲ್ಲ.

ಆ ಸಂಜೆ ಹೆಂಗಸರಿಬ್ಬರೂ ಎರಡು ಹಾಸಿಗೆಯ ಚಾದರ ತೆಗೆದುಕೊಂಡು ಗಾಜಿನ ಗೋಡೆಗಳಿಗೆ ಕಟ್ಟಿದರು. ನಾವು ಗಂಡಸರು ಹೊರಗೆ ಕುರ್ಚಿಯಲ್ಲಿ ಕೂತು, ಮುಂದಿನ ವರ್ಷ ಯಾವ ವಾರ ಬಂದರೆ ಹಿನ್ನೀರಿನಲ್ಲಿ ಹಕ್ಕಿಗಳು ಹೆಚ್ಚು ಎಂದು ಚರ್ಚಿಸಿದೆವು.

ಮನೆಗೆ ಬಂದ ಮೇಲೆ ನಾಗರತ್ನ ಜಗಳವಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಜಗಳಕ್ಕೆ ನನ್ನ ಹತ್ತಿರ ಉತ್ತರಗಳಿದ್ದವು, ಮಗಳ ಮರ್ಯಾದೆ, ಮನೆತನದ ಮರ್ಯಾದೆ ಎಂದೆಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅವಳು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ, "ಇಷ್ಟ್ ದಿನ ತಡಕೊಂಡೈತಿ, ಇನ್ನೊಂದ್ ವರ್ಷ ತಡಕೊಂತೈತಿ ಬಿಡ್ರಿ," ಎಂದಳು ಅಷ್ಟೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಅಂಗಡಿಯಲ್ಲಿ ಕೂತರೆ ಪಾತ್ರೆಗಳಲ್ಲೆಲ್ಲ ನನ್ನ ಮುಖವೇ ಕಾಣುತ್ತಿತ್ತು. ಸ್ಟೀಲಿನ ವ್ಯಾಪಾರದಲ್ಲಿ ಇದೊಂದು ತೊಂದರೆ. ಆ ವಾರ ನಾನು ಯಾರಿಗೂ ಯಾವ ಅಭಿಪ್ರಾಯವನ್ನೂ ಕೊಡಲಿಲ್ಲ. ನನಗೆ ಮೈಯಲ್ಲಿ ಸರಿಯಿಲ್ಲವೆಂದು ಪಕ್ಕದ ಅಂಗಡಿಯವರು ಮಾತಾಡಿಕೊಂಡರು.

ಗಡುವು ಮುಗಿಯುವ ಹಿಂದಿನ ದಿನ, ಹೊಸಪೇಟೆಗೆ ಮಾಲು ತರಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ ರೆಸಾರ್ಟಿಗೆ ಹೋದೆ. ನಾಳೆ ಬೀಗರಿಗೆ ತಿಳಿದರೆ ಏನು? ಅವರು ಕೊಂಡರು, ನಾವು ಹಿಂದೆಗೆದೆವು ಎಂದರೆ ವೀಣಾ ಆ ಮನೆಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ? ದಾರಿಯುದ್ದಕ್ಕೂ ಇದೇ ಯೋಚನೆ. ಆಫೀಸಿನ ಬಾಗಿಲು ತಳ್ಳಿದೆ. ಸೋಫಾದ ಮೇಲೆ ಒಂದು ಬಿಳಿ ಟವೆಲ್ಲು ಕಂಡಿತು. ಟವೆಲ್ಲಿನ ಕೆಳಗೆ ಕೊಟ್ರಪ್ಪನವರಿದ್ದರು.

ಅವರು ಎದ್ದು ನಿಂತರು. ನಾನು ನಿಂತೇ ಇದ್ದೆ.

"ಇಲ್ಲೇ ಶೇಂಗಾ ನೋಡಾಕ ಬಂದಿದ್ನಿರಿ," ಎಂದರು.

"ನಾನೂ ಇಲ್ಲೇ ಪಾತ್ರಿ ಆರ್ಡರಿಗೆ," ಎಂದೆ.

ರೆಸಾರ್ಟಿನ ಆಫೀಸಿನಲ್ಲಿ ಶೇಂಗಾ ಎಲ್ಲಿಯದು, ಪಾತ್ರೆ ಎಲ್ಲಿಯದು. ಇಬ್ಬರೂ ಕೂತೆವು. ಸ್ವಲ್ಪ ಹೊತ್ತು ಮೀನಿನ ತೊಟ್ಟಿಯಲ್ಲಿ ಓಡಾಡುವ ಮೀನುಗಳನ್ನು ನೋಡಿದೆವು. ಆಮೇಲೆ ಅವರು ಹೆಗಲಿಂದ ಟವೆಲ್ಲು ತೆಗೆದು ನನ್ನ ಬಲಗೈಯ ಮೇಲೆ ಹಾಕಿ, ಒಳಗೆ ತಮ್ಮ ಕೈ ತೂರಿಸಿದರು.

"ಬೀಗ್ರ, ಖರೆ ಹೇಳ್ರಿ. ನಿಮ್ಮ ಲೆಕ್ಕದಾಗ ಇದು ಎಷ್ಟಕ್ಕ ಆದೀತು?"

ನಾನು ಒಂದು ಬೆರಳನ್ನೂ ಬಿಚ್ಚಲಿಲ್ಲ. ಬಿಡಿಗಾಸಿಗೂ ಬೇಡ ಎಂಬಂತೆ ಮುಷ್ಟಿ ಹಿಡಿದೇ ಇದ್ದೆ. ಅವರು ನನ್ನ ಮುಷ್ಟಿಯನ್ನು ಸುತ್ತಲೂ ತಡವಿ ನೋಡಿ, ತಮ್ಮ ಮುಷ್ಟಿಯನ್ನು ಅದಕ್ಕೆ ತಂದು ಒತ್ತಿದರು. ಎಷ್ಟೋ ದಿನದ ಮೇಲೆ ನಾನು ಸರಿಯಾಗಿ ಉಸಿರು ಬಿಟ್ಟೆ.

"ಗೋದಾಮಿಗೆ ತಗಡು ಹಾಕಿಸಾಕ ಇಟ್ಟಿದ್ದ ರೊಕ್ಕರಿ ಅದು," ಎಂದರು ಮೆಲ್ಲಗೆ. "ಮಳಿ ಬಂದ್ರ ಅಷ್ಟೂ ಶೇಂಗಾ ತೊಯ್ತಾವು. ನೀವು ಬಾಳಿಲ್ಲ ಅಂದ್ರಿ. ನಾನು ಹ್ಯಾಂಗ ಇಲ್ಲ ಅನ್ಲಿ?"

ನಾನು ಮೊಣಕಾಲಿನ ವಿಷಯ ಹೇಳಿದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಆ ಮೆಟ್ಲ ಲಕ್ಷಣ ಅಂದ್ನೆಲ್ರಿ ನಾನು," ಎಂದರು.

ಮೇಡಂ ಬಂದು, ಹಿಂದಕ್ಕೆ ಪಡೆಯಲು ಕಾರಣವೇನೆಂದು ಕೇಳಿದರು. ಆಗ ನೋಡಿ, ತಡೆದಿಟ್ಟಿದ್ದ ಅಭಿಪ್ರಾಯಗಳೆಲ್ಲ ಒಟ್ಟಿಗೆ ಹೊರಬಿದ್ದವು. ಮೆಟ್ಟಿಲು, ಕಂಬಿ, ಪೂಜೆಗೆ ಕೂರಲು ಜಾಗವಿಲ್ಲದ್ದು, ಬೆಲೆ, ಎಲ್ಲಕ್ಕಿಂತ ಮುಖ್ಯವಾಗಿ ಆ ಗಾಜು. ಮೇಡಂ ಎಲ್ಲವನ್ನೂ ಬರೆದುಕೊಂಡರು. ಕೊನೆಗೆ, "ಗಾಜಿಗೆ ಪರದೆ ಇತ್ತಲ್ಲ ಸರ್? ಮಂಚದ ಪಕ್ಕದ ಸ್ವಿಚ್ ಒತ್ತಿದ್ರೆ ಇಳಿಯುತ್ತೆ. ನೀವು ಯಾರೂ ಕೇಳಲೇ ಇಲ್ಲ," ಎಂದರು. ನಾವು ಬೀಗರು ಮತ್ತೆ ಮೀನು ನೋಡಿದೆವು.

ಮನೆಗೆ ಬಂದು ನಾಗರತ್ನಳಿಗೆ ಎಲ್ಲವನ್ನೂ ಹೇಳಿದೆ. ಅವಳು ಹುಬ್ಬು ಕೂಡ ಎತ್ತಲಿಲ್ಲ.

"ಗೊತ್ತಿತ್ತು," ಎಂದಳು. "ಅವತ್ತ ಚಾದರ ಕಟ್ಟೋವಾಗ ಗಿರಿಜಕ್ಕ ಆ ಕಡಿಂದ ಹಿಡಕೊಂಡಿದ್ರು, ನಾನು ಈ ಕಡಿಂದ. 'ನಾಗರತ್ನ, ನಿಮಗ ಇದು ಬೇಕಾಗೇತೇನು' ಅಂತ ಕೇಳಿದ್ರು. 'ಇಲ್ಲಕ್ಕ' ಅಂದೆ. 'ನಮಗೂ ಬ್ಯಾಡವ್ವ' ಅಂದ್ರು. ಅಷ್ಟ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನಾವು ಹೇಳಿ ನೀವು ಬಿಟ್ರ ಅದು ನಿಮಗ ಚಂದಾ? ನೀವ ಹೋಗ್ತೀರಿ ಅಂತ ಕಾದ್ವಿ. ಇವತ್ತೂ ಹೋಗಿದ್ದಿಲ್ಲಂದ್ರ ನಾಳೆ ನಾವಿಬ್ರೂ ಬಸ್ ಹತ್ತೋದಿತ್ತು."

ನಾವು ಇಡೀ ವಾರ ಒದ್ದಾಡಿ ಟವೆಲ್ಲಿನ ಕೆಳಗೆ ಮುಗಿಸಿದ ವ್ಯವಹಾರವನ್ನು ಅವರಿಬ್ಬರೂ ಒಂದು ಚಾದರದ ಹಿಂದೆ ಆವತ್ತೇ ಮುಗಿಸಿದ್ದರು. ಇಷ್ಟು ನಾಚಿಕೆ ಒಬ್ಬ ಮನುಷ್ಯನಿಗೆ ಒಂದೇ ತಿಂಗಳಲ್ಲಿ ಬರಬಾರದು.

ಮುಂಗಡ ಹಿಂದಕ್ಕೆ ಬಂತು, ಆಪರೇಷನ್ ಆಯಿತು. ನಾಗರತ್ನ ಮಂಚದ ಮೇಲಿದ್ದಾಳೆ, ಅಡಿಗೆ ನನ್ನ ಪಾಲಿಗೆ ಬಂದಿದೆ. ಮೊನ್ನೆ ಬೀಗರು ಅವಳನ್ನು ಮಾತಾಡಿಸಿಕೊಂಡು ಹೋಗಲು ಬಂದರು. ಜೋಳದ ರೊಟ್ಟಿಯನ್ನು ನಾನೇ ಬಡಿದು ಬಡಿಸಿದೆ. ಕೊಟ್ರಪ್ಪನವರು ಒಂದನ್ನು ಮುಗಿಸಿದರು, ಎರಡನೆಯದನ್ನೂ ಮುಗಿಸಿದರು. ಎಂದಿನಂತೆ ತಾಟಿನ ಮೇಲೆ ಕೈ ಅಡ್ಡ ಬರುತ್ತದೆಂದು ನಾನು ಬುಟ್ಟಿ ಎತ್ತಿಕೊಂಡು ಒಳಗೆ ಹೊರಟಿದ್ದೆ.

"ಬೀಗ್ರ," ಎಂದರು, "ರೊಟ್ಟಿ ಬಾಳ ದಪ್ಪ ಆಗ್ಯಾವು. ಒಂದ್ ಕಡಿ ಹಸೀನೂ ಅದಾವು." ತಾಟನ್ನು ನನ್ನ ಕಡೆ ಸರಿಸಿದರು. "ಇನ್ನೊಂದ್ ಹಾಕ್ರಿ, ಹೊಟ್ಟಿ ತುಂಬಿಲ್ಲ."