ಝೊಂಬಿ ಸಿನಿಮಾದಲ್ಲಿ ನಮ್ಮ ಆಯಿ

ಕುದಿಯುವ ಹಂಡೆಯಿಂದ ಬರಿಗೈಯಲ್ಲೇ ಎರಡು ಅಗುಳು ತೆಗೆದು ಹಿಚುಕಿ ನೋಡುತ್ತಿದ್ದಳು ಆಯಿ. ಹಾಗೆ ನೋಡಿ ನೋಡಿ ಆಕೆಯ ಹೆಬ್ಬೆರಳು, ತೋರುಬೆರಳುಗಳ ತುದಿ ನುಣುಪಾಗಿ, ಗೆರೆಗಳೇ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಆಕೆಯ ಬೆರಳನ್ನು ಗುರುತಿಸುತ್ತಿರಲಿಲ್ಲ. "ನಾ ಇಲ್ಲೇ ನಿಂತೇನಿ, ಮಷಿನ್ ನನ್ನ ಇಲ್ಲ ಅಂತೈತಿ" ಎಂದು ನಗುತ್ತಿದ್ದಳು.

ಜುಗೂಳದ ಕನ್ನಡ ಶಾಲೆಗೆ ನಾನು ಮಾಸ್ತರಿಕೆಗೆ ಬಂದಾಗ ಆಕೆ ಅಲ್ಲಿ ಬಿಸಿಯೂಟದ ಅಡುಗೆಯವಳು. ಮಕ್ಕಳು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಹುಟ್ಟಾ ಅಂಜುಬುರುಕಿ. ಮೊದಲ ಮಳೆಗಾಲದಲ್ಲೇ ಕೃಷ್ಣೆಯ ನೀರು ಶಾಲೆಯ ಬಯಲಿಗೆ ಬಂದಾಗ ವರಾಂಡದಲ್ಲಿ ಕಂಬ ಹಿಡಿದು ನಿಂತುಬಿಟ್ಟಿದ್ದೆ. ಮಕ್ಕಳನ್ನೆಲ್ಲ ದಾಟಿಸಿ ಬಂದ ಆಯಿ ನನ್ನ ಮಣಿಕಟ್ಟು ಹಿಡಿದಳು. "ಅಕ್ಕೋರ, ನೀರ ನೋಡಬ್ಯಾಡ್ರಿ. ನನ್ನ ಬೆನ್ನ ನೋಡಕೋತ ಬರ್ರಿ." ಮೊಣಕಾಲುದ್ದದ ನೀರಿನಲ್ಲಿ ಹಾಗೇ ನಡೆದೆ.

ಒಂದು ಬೇಸಿಗೆ ರಜೆಯಲ್ಲಿ ನಾನು ಅಥಣಿಯ ತವರಿಗೆ ಹೋಗಿದ್ದಾಗ ಊರಿಗೆ ಸಿನಿಮಾದವರು ಬಂದರು. ಕಬ್ಬಿನ ಗದ್ದೆಯಿಂದ ಎದ್ದುಬರುವ ಝೊಂಬಿಗಳಾಗಲು ಅವರಿಗೆ ನಲವತ್ತು ಜನ ಬೇಕಾಗಿದ್ದರಂತೆ. ಆಯಿಯೂ ಮುಖಕ್ಕೆ ಬೂದಿ ಬಳಿಸಿಕೊಂಡು ಹೋದಳು. ಮರುವರ್ಷ ಆ ಸಿನಿಮಾ ಚಿಕ್ಕೋಡಿಯ ಟಾಕೀಜಿಗೆ ಬಂದಾಗ ಹೆಡ್‌ಮಾಸ್ತರರು, ಆಯಿ, ನಾನು ಮ್ಯಾಟಿನಿಗೆ ಹೋದೆವು. ದೆವ್ವದ ಸಿನಿಮಾ ಎಂದರೆ ನನಗಾಗದು. ಆದರೆ ಆಯಿ ಇದ್ದಾಳಲ್ಲ ಎಂದು ಧೈರ್ಯ ಮಾಡಿದೆ.

ವಿಚಿತ್ರ ಸಿನಿಮಾ ಅದು. ಸತ್ತವರು ಎದ್ದು ಬರುತ್ತಾರೆ, ಆದರೆ ಯಾರನ್ನೂ ಕಚ್ಚುವುದಿಲ್ಲ. ಒಂದು ಮದುವೆಯ ಪಂಕ್ತಿಯಲ್ಲಿ ಕೂತು ಸಾರಿಗೆ ಉಪ್ಪು ಕಡಿಮೆ ಎಂದು ಜಗಳ ತೆಗೆಯುತ್ತಾರೆ. ಅವರ ಗೊರಗೊರ ದನಿಯನ್ನು ಒಂದು ಎಮ್ಮೆ ಮರಾಠಿಯಲ್ಲಿ ಬಿಡಿಸಿ ಹೇಳುತ್ತದೆ. ಟಾಕೀಜು ಬಿದ್ದು ಬಿದ್ದು ನಗುತ್ತಿತ್ತು. ನಾನೂ ನಗತೊಡಗಿದ್ದೆ.

ಆಗ ಕಬ್ಬು ಸರಿದು ಆಯಿ ಹೊರಬಂದಳು. ಎಡಗಾಲು ಮಣ್ಣಿನಲ್ಲಿ ಎಳೆಯುತ್ತಿತ್ತು. ಎಡಗೈ ಜೋತುಬಿದ್ದಿತ್ತು. ಬಾಯಿಯ ಒಂದು ತುದಿ ಕೆಳಗೆ ಇಳಿದಿತ್ತು. ಆಕೆಯ ಹಿಂದೆ ಬಂದ ಉಳಿದವರೆಲ್ಲ ಹಾಗೇ ಕಾಲೆಳೆಯುತ್ತಿದ್ದರು. ಲಕ್ವಾ ಹೊಡೆದ ನನ್ನ ಅಪ್ಪ ಕೊನೆಯ ಮೂರು ವರ್ಷ ನಡೆದದ್ದು ಹೀಗೆಯೇ. ನಲವತ್ತು ಜನರ ಮೈಯಲ್ಲಿ ಅಪ್ಪನ ನಡಿಗೆ ಕಂಡು ಪಕ್ಕದಲ್ಲಿದ್ದ ಆಯಿಯ ಕಡೆ ತಿರುಗಿದೆ.

"ಆಯಿ, ಹಂಗ ನಡೀಲಿಕ್ಕೆ ಯಾರ ಕಲಿಸಿದ್ರು ನಿನಗ?"

"ಯಾರೂ ಕಲಿಸಿಲ್ರಿ. ಅವತ್ತ ಮುಂಜಾನೆ ಏಳೂದ್ರಾಗ ಎಡಗಾಲ, ಎಡಗೈ ಜೋಮ ಹಿಡದಿದ್ವು. ಮಧ್ಯಾನಕ್ಕ ಬಿಟ್ವು. ಡೈರೆಕ್ಟರಗ ಅದ ಪಸಂದ ಬಿತ್ತು. ಎಲ್ಲಾರೂ ಈ ಮೌಶಿ ಹಂಗ ನಡೀರಿ ಅಂದ."

"ಬಾಯಿ?"

"ಬಾಯಿಗೇನಾಗೇತಿ?" ಎಂದು ಆಕೆ ಪರದೆಯ ಕಡೆ ನೋಡಿದಳು. ಆಕೆಗೆ ಕಂಡದ್ದು ಬೂದಿ ಬಳಿದ ತನ್ನ ಮುಖ ಮಾತ್ರ.

ಬರುವಾಗ ಬಸ್ಸಿನಲ್ಲಿ ಹೆಡ್‌ಮಾಸ್ತರರು ಗೊಣಗಿದರು, "ತಲಿ ಇಲ್ಲ, ಬುಡ ಇಲ್ಲ. ಎಮ್ಮಿ ಎಲ್ಯಾರ ಮರಾಠಿ ಮಾತಾಡತೈತೇನು?"

"ಎಮ್ಮಿ ಮಾತಾಡಿದ್ದ ಖರೇ ಅನಿಸ್ತ್ರಿ ಸರ" ಎಂದಳು ಆಯಿ. "ಸತ್ತವರು ಹಂಗ ನಡಿಯೂದ ಸುಳ್ಳ. ಹಂಗ ನಡಿಯವರು ದಣದವರು. ನಿಮಗ ಹೆಂಗ ಅನಿಸ್ತ್ರಿ ಅಕ್ಕೋರ?"

"ನಾಳಿಗೆ ಮಿರಜಕ್ಕ ಡಾಕ್ಟರ ಕಡೆ ಹೋಗೂಣ ಆಯಿ" ಎಂದೆ.

ಮರುದಿನವೇ ಹಟ ಮಾಡಿ ಮಿರಜಕ್ಕೆ ಕರೆದೊಯ್ದೆ. ಅದು ಬಂದು ಹೋದ ಲಕ್ವಾದ ಸಣ್ಣ ಪೆಟ್ಟು, ದೊಡ್ಡದು ಯಾವಾಗ ಬೇಕಾದರೂ ಬರಬಹುದು, ಬಂದ ಕೂಡಲೇ ಓಡಿಬನ್ನಿ ಎಂದರು ಡಾಕ್ಟರು. ಆಯಿ ಗುಳಿಗೆ ನುಂಗುತ್ತ ಎಂದಿನಂತೆ ಅಡುಗೆ ಮಾಡಿಕೊಂಡಿದ್ದಳು. ನೆಮ್ಮದಿ ಹೋದದ್ದು ನನಗೆ. ದಿನಾ ಮುಂಜಾನೆ ಅಡುಗೆಕೋಣೆಯ ಬಾಗಿಲಲ್ಲಿ ನಿಂತು, "ಆಯಿ, ಎರಡೂ ಕೈ ಎತ್ತು, ಒಂದ್ಸಲ ನಗು" ಎನ್ನುತ್ತಿದ್ದೆ. "ನಮ್ಮ ಅಕ್ಕೋರಿಗೆ ಝೊಂಬಿ ಬಡಕೊಂಡೈತಿ" ಎಂದು ಕೈ ಎತ್ತುತ್ತಿದ್ದಳು. ಕೆಲವೊಮ್ಮೆ ನನ್ನನ್ನು ಕಾಡಿಸಲೆಂದೇ ಕಾಲೆಳೆದು ನಡೆದು ತೋರಿಸುತ್ತಿದ್ದಳು. ಮಕ್ಕಳು ಕುಣಿಯುತ್ತಿದ್ದರು. ಅವರಿಗೂ ಝೊಂಬಿ ಆಟವೇ ಆಟವಾಗಿತ್ತು ಆಗ.

ಅವತ್ತು ಊಟದ ಗಂಟೆ ಹೊಡೆದಿತ್ತು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದರು. ಎಡಗೈಯಲ್ಲಿ ಸೌಟು ಹಿಡಿದು ಆಯಿ ಹೊರಬಂದಳು. ಕಾಲು ಎಳೆಯುತ್ತಿತ್ತು, ಬಾಯಿ ಒಂದು ಕಡೆ ಇಳಿದಿತ್ತು.

"ಆಯಿ ಸೋಂಗ ಮಾಡಾಕತ್ತಾಳ!" ಎಂದು ಮಕ್ಕಳು ಚಪ್ಪಾಳೆ ತಟ್ಟಿ ನಕ್ಕರು. ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗಿ ಎದ್ದು ಆಕೆಯ ಬೆನ್ನಿಗೇ ಕಾಲೆಳೆಯುತ್ತ ನಡೆದಳು. ಬಾಗಿಲಲ್ಲಿ ನಿಂತಿದ್ದ ನಾನೂ ನಕ್ಕೆ.

ನಾಲ್ಕು ಹೆಜ್ಜೆ. ಆಮೇಲೆ ಆಕೆಯ ಕೈಯಿಂದ ಸೌಟು ಬಿತ್ತು. ಕಲ್ಲಿನ ಮೇಲೆ ಅಷ್ಟು ಸದ್ದಾದರೂ ಆಯಿ ಅದರ ಕಡೆ ತಿರುಗಲಿಲ್ಲ. ಆಗ ಓಡಿದೆ.

ಯಾರದೋ ಕಾರು ಸಿಕ್ಕಿತು. ಮಿರಜ ಮುಟ್ಟುವವರೆಗೆ ಆಕೆ ಬಲಗೈಯಿಂದ ನನ್ನ ಸೀರೆಯ ಸೆರಗು ಹಿಡಿದಿದ್ದಳು. ಮಾತು ನಿಂತಿತ್ತು. ಮೂರನೆಯ ದಿನ ತೀರಿಹೋದಳು. ಆಕೆಯ ಮನೆಯ ಪದ್ಧತಿಯಂತೆ ಬುದ್ಧವಂದನೆ ಹೇಳಿ ಊರ ಜನ ಆಕೆಯನ್ನು ಕಳಿಸಿಕೊಟ್ಟರು.

ಮತ್ತೆ ಶಾಲೆ ಶುರುವಾದಾಗ ಅಂಗಳದಲ್ಲಿ ಗದ್ದಲವಿರಲಿಲ್ಲ. ಆ ಹುಡುಗಿ ತಟ್ಟೆಯನ್ನೇ ಮುಟ್ಟುತ್ತಿರಲಿಲ್ಲ. ಮನೆಯಲ್ಲೂ ಉಣ್ಣುತ್ತಿಲ್ಲ, ಮೈ ಬೆಚ್ಚಗಿರುತ್ತದೆ ಎಂದು ಅವಳ ತಾಯಿ ಹೇಳಿದಳು. ಬೇರೆ ಯಾವುದು ತಿಳಿಯದಿದ್ದರೂ ಅಂಜಿಕೆ ನನಗೆ ತಿಳಿಯುತ್ತದೆ. ನಾಲ್ಕನೆಯ ಇಯತ್ತೆಗೆ ಹೋಗಿ ಖುರ್ಚಿ ಬಿಟ್ಟು ಮಕ್ಕಳ ನಡುವೆ ನೆಲದ ಮೇಲೆ ಕೂತೆ.

"ಅವತ್ತ ಆಯಿನ ನೋಡಿ ನಾನೂ ನಕ್ಕೆ."

ಹುಡುಗಿ ತಲೆ ಎತ್ತಿದಳು. "ನೀವೂ ನಕ್ರೇನ್ರಿ, ಅಕ್ಕೋರ?"

"ಹೌದು ಬೇ. ನಿಮಗ ಯಾರಿಗೂ ಗೊತ್ತಿರಲಿಲ್ಲ. ನನಗ ಎಲ್ಲಾ ಗೊತ್ತಿತ್ತು. ಆದರೂ ನಕ್ಕೆ."

ಅವಳು ಕೇಳಿದಳು, "ನಾವು ನಕ್ಕಿದ್ದ ಆಯಿಗೆ ಕೇಳಿಸಿತ್ತೇನ್ರಿ?"

ನಾನು ಅಂಜುತ್ತಿದ್ದದ್ದು ಅದೊಂದೇ ಪ್ರಶ್ನೆಗೆ. "ಕೇಳಿಸಿರಬೇಕು" ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವಳು ಅತ್ತಳು. ಅವತ್ತು ಊಟದ ಗಂಟೆಗೆ ನನ್ನ ಮಗ್ಗುಲಲ್ಲೇ ಕೂತು ಅರ್ಧ ತಟ್ಟೆ ಅನ್ನ ಉಂಡಳು. ನನ್ನ ತಟ್ಟೆ ಹಾಗೇ ಇತ್ತು.