ಕೋಸಿನ ಸಲಾಡಿಗೆ ಎಳ್ಳೆಣ್ಣೆ

ಅವತ್ತು ನಾನು ಎಂದಿನಂತೆ ಶಾಲೆಗೆ ಹೊರಟಿದ್ದೆ. ಹಾಲು ಕಾಯಿಸುತ್ತಿದ್ದ ಹೆಂಡತಿ ಅಡುಗೆಮನೆಯಲ್ಲೇ ಕುಸಿದಳು, ಮತ್ತೆ ಏಳಲಿಲ್ಲ. ಆಗ ಆರಿಸಿದ ಗ್ಯಾಸ್ ಒಲೆಯನ್ನು ಮತ್ತೆ ಹಚ್ಚಲು ನನಗೂ ಮಗಳು ಸುಮಾಗೂ ಧೈರ್ಯ ಬರಲಿಲ್ಲ. ಲಕ್ಷ್ಮೇಶ್ವರದ ಖಾನಾವಳಿಯ ರೊಟ್ಟಿ ಪಲ್ಯದಲ್ಲೇ ಮಳೆಗಾಲ ಕಳೆಯಿತು.

ಒಂದು ಭಾನುವಾರ ಸುಮಾ ಮೊಬೈಲಿನಲ್ಲಿ ಚೀನಾ, ಜಪಾನಿನ ಕಡೆಯ ರುಚಿಯ ಹಸಿ ಕೋಸಿನ ಸಲಾಡ್ ತೋರಿಸಿದಳು.

"ಇದಕ್ಕ ಒಲಿ ಬೇಕಾಗಿಲ್ಲಪ್ಪಾ."

ಕೋಸು, ಗಜ್ಜರಿ ಸಣ್ಣಗೆ ಹೆಚ್ಚಿ ಸೋಯಾ ಸಾಸ್, ನಿಂಬೆರಸ, ಎಳ್ಳೆಣ್ಣೆ ಕಲಸಿದರಾಯಿತು. ಎಳ್ಳೆಣ್ಣೆ ತರಲು ಇಮಾಮಸಾಬರ ಕಿರಾಣಿ ಅಂಗಡಿಗೆ ಹೋದೆ.

ಅವರು ಬಾಟಲಿ ಕೊಡುತ್ತ ದನಿ ತಗ್ಗಿಸಿದರು. "ಅಕ್ಕಾರ ಫೋಟೋದ ಮುಂದ ದೀಪ ಹಚ್ಚಾಕೇನ್ರಿ, ಮಾಸ್ತರ?"

"ಇಲ್ರಿ, ತಿನ್ನಾಕ. ಕೋಸಿಗೆ."

"ದೀಪದ ಎಣ್ಣಿ ತಿಂತೀರೇನ್ರಿ?" ಎಂದು ಬಾಟಲಿ ವಾಪಸು ಎಳೆದುಕೊಂಡು ನಕ್ಕರು. ನಾನೂ ನಕ್ಕೆ. ಅವರು ಬಿಳಿ ಎಳ್ಳಿನ ಪೊಟ್ಟಣ ಕಟ್ಟಿಕೊಟ್ಟರು. "ಇದನ್ನ ಹುರುದು ಕುಟ್ಟಿ ಹಾಕ್ರಿ. ನಾವು ಹಸೀ ಗಜ್ಜರಿ ಪಚಡಿಗೆ ಶೇಂಗಾ ಪುಡಿ ಹಾಕೂದಿಲ್ಲೇನ್ರಿ, ಹಂಗ."

"ಹುರೀಲಾರದ ಹಾಕಿದ್ರ?"

"ಹಸೀ ಎಳ್ಳಿಗೆ ಘಮ ಎಲ್ಲಿಂದ ಬರಬೇಕ್ರಿ?"

ಮನೆಗೆ ಬಂದು ಒಲೆಯ ಮುಂದೆ ಬಹಳ ಹೊತ್ತು ನಿಂತೆ. ಸುಮಾ ಹೊಸ್ತಿಲಾಚೆಯಿಂದ ನೋಡುತ್ತಿದ್ದಳು. ಕೊನೆಗೆ ಕಡ್ಡಿ ಗೀರಿದೆ. ಎಳ್ಳು ಚಟಪಟ ಸಿಡಿದು ಮನೆಯೆಲ್ಲ ಘಮ್ಮೆಂದಿತು. ಬಾಣಲೆ ಇಳಿಸಿ ಒಲೆ ಆರಿಸಲು ಕೈ ಚಾಚಿದೆ.

"ಇರ್ಲಿ ಬಿಡಪ್ಪಾ," ಎನ್ನುತ್ತ ಸುಮಾ ಒಳಗೆ ಬಂದಳು.

ಚಹಾಕ್ಕೆ ನೀರಿಟ್ಟಳು.